ಬಾಯಿ ಬಿಡದ್ದು

ಮನಾಮದ ಸೂಕಿನಲ್ಲಿ, ಬಟ್ಟೆಯಂಗಡಿಗಳ ಹಿಂದೆ ಮೂರನೇ ಓಣಿ.
ಪಿಸ್ತಾ ಆರಿಸುತ್ತಿದ್ದಾನೆ ಫರಂಗಿಪೇಟೆಯ ಮೋನಬ್ಬ,
ಹೆಸರಿನಲ್ಲೇ ಮೋನ ಕಟ್ಟಿಕೊಂಡು ಬಂದವನು.
ನಕ್ಕದ್ದು ಬಲಕ್ಕೆ,
ನಗದ್ದು ಎಡಗಡೆಯ ಬಿಸ್ಕತ್ತಿನ ಡಬ್ಬಕ್ಕೆ.
ಖಂದಾನ್ ಅನ್ನುತ್ತಾರೆ ಅಂಗಡಿಯ ಮುದುಕರು, ಫಾರಸಿಯಲ್ಲಿ.
ನಗುವ ಪಿಸ್ತಾಕ್ಕಷ್ಟೇ ಬೆಲೆ.

ನಾನು ಹತ್ತನೇ ಕ್ಲಾಸಿಗೆ ಪಾಠ ಹೇಳಿ ಬಂದವಳು,
ಬಾಯಿ ಇನ್ನೂ ನಿಂತಿರಲಿಲ್ಲ.
"ಇದ್ಯಾವುದೂ ಶುಷ್ಕ ಫಲ ಅಲ್ಲ ಮೋನಬ್ಬ.
ಬಾದಾಮಿ, ಪಿಸ್ತಾ ಬರೀ ಗೊರಟು,
ಚೀಪಿ ಎಸೆದ ಮಾವಿನ ಓಟೆಯ ನೆಂಟರು.
ಖರ್ಜೂರವಂತೂ, ನಂಬಿದರೆ ನಂಬು, ಟೊಮೆಟೊ ಪಂಗಡ."
ಅವನು ತಕ್ಕಡಿ ಒರೆಸಿದ.

"ನಿಜವಾದ ಒಣಹಣ್ಣು ನಿಮ್ಮ ಎಳ್ಳಿನ ಕಾಯಿ, ಬೆಂಡೆಕಾಯಿ.
ಕ್ಯಾಪ್ಸೂಲ್ ಅಂತ ಹೆಸರು, ರೋಮಿನವರ ಪುಟ್ಟ ಪೆಟ್ಟಿಗೆ.
ನೀನು ಬಿಪಿಗೆ ನುಂಗುವುದೂ ಅದೇ ಮಾತು.
ಈ ಗುಂಡನೆಯದು ಬುಂದುಕ್,
ಕಪ್ಪು ಸಮುದ್ರದ ದಡದ ಪೊಂಟಸಿನ ಕಾಯಿ.
ಸೀಮೆಯ ಹೆಸರು ಸವೆದು ಕಾಯಿಯ ಹೆಸರಾಯಿತು,
ಕಾಯಿಯದು ಗುಂಡಿಗೆ ಹೋಯಿತು
(ನಮ್ಮಲ್ಲೂ ಗುಂಡಗಿದ್ದದ್ದೇ ಗುಂಡು),
ಗುಂಡಿನದು ನಮ್ಮ ಬಂದೂಕಿಗೆ ಬಂತು.
ತಿನ್ನುವಾಗ ಯಾರಿಗೆ ನೆನಪು!
ಸೂರ್ಯಕಾಂತಿಯದು ಅಕೀನ್. ಗ್ರೀಕರದು.
ಅ ಅಂದರೆ ಇಲ್ಲ, ನಮ್ಮ ಹಾಗೇ,
ಮುಂದಿನದು ಆಕಳಿಕೆ.
ಅಂದರೆ, ಬಾಯಿ ಬಿಡದ್ದು."

ಆಗ ತಲೆ ಎತ್ತಿದ.
"ಟೀಚರೇ, ನೀರು ಬಿದ್ದರೆ ಮಾತ್ರ ಬಾಯಿ ಬಿಡುವುದು ಉಂಟಲ್ಲ,
ಅದಕ್ಕೆ ಎಂತ ಹೇಳುವುದು?"

ಗೊತ್ತಿತ್ತು ನನಗೆ, ಎರಡು ಗ್ರೀಕ್ ಪದ ಹೊಲಿದ ಉದ್ದದ್ದೊಂದು.
ಹೇಳಲಿಲ್ಲ.
ಕ್ಯಾಲ್ಕುಲೇಟರಿನ ಹಿಂದೆ ಚಹದ ಗ್ಲಾಸು,
ಅದರೊಳಗೆ ಮರುಭೂಮಿಯ ಒಣ ಮುಷ್ಟಿ,
ಕಫ್ ಮರ್ಯಮ್, ಮರ್ಯಮಳ ಅಂಗೈ.
ಬೆರಳು ಬೆರಳಾಗಿ ಸಡಿಲುತ್ತಿತ್ತು, ಬೂದಿಬಣ್ಣದ ನೀರಲ್ಲಿ.

"ಮಗಳಿಗೆ ಬೆಳಿಗ್ಗೆಯಿಂದ ನೋವು. ಪುತ್ತೂರಿನ ಆಸ್ಪತ್ರೆ.
ಇದು ಅರಳಿದ ಹಾಗೆ ಅಲ್ಲಿ ಸಲೀಸು ಅಂತ
ಮುದುಕರು ಕೊಟ್ಟರು. ದುಡ್ಡು ಬೇಡ ಅಂದರು."

ಎರಡು ವರ್ಷದಲ್ಲಿ ಅವನಾಡಿದ್ದರಲ್ಲಿ ಇದೇ ಉದ್ದದ್ದು.
ಫೋನು ಮಕಾಡೆ ಮಲಗಿತ್ತು ತಕ್ಕಡಿ ಪಕ್ಕ.
ಕ್ಯಾಪ್ಸೂಲು, ಅಕೀನು ಚೀಲಕ್ಕೆ ತುಂಬಿಕೊಂಡು
ನಾನು ಸ್ಟೂಲು ಎಳೆದು ಕೂತೆ.

ಎಂಟೂವರೆ. ಅಂಗೈ ಅರ್ಧ ತೆರೆದಿತ್ತು.
ಎಡಗಡೆಯ ಡಬ್ಬ ನನ್ನ ಕಡೆ ತಳ್ಳಿ
ಇಕ್ಕಳದಲ್ಲಿ ಒಂದೊಂದೇ ಒಡೆಯತೊಡಗಿದ,
ಕೈಗೆ ಏನಾದರೂ ಬೇಕಲ್ಲ.
ಒಂದು ಪೊಳ್ಳು.
ಇನ್ನೊಂದೂ.
ಮೂರನೆಯದನ್ನು ನನ್ನ ಕೈಯಲ್ಲಿಟ್ಟ, ಹಸಿರು.