ಮೂರು ಲೀಟರ್ ಗಾಳಿ

ಬೆಳಗ್ಗೆ ಎಂಟೂವರೆಗೆ ಕೋಣೆಯ ಬೀಗ ತೆಗೆದು
ಮೊದಲು ಯಂತ್ರಕ್ಕೆ ಗಾಳಿ ಕುಡಿಸುತ್ತೇನೆ.
ಮೂರು ಲೀಟರಿನ ದಪ್ಪ ಸಿರಿಂಜು, ಒಂದೇ ನೂಕು.
ಪರದೆಯ ಮೇಲೆ ಮೂರು ಅಂತ ಬಂದರೆ
ಯಂತ್ರ ಸರಿಯಿದೆ.
ಒಳಹೋದ ಗಾಳಿ ಸರಿಯಿತ್ತೇ ಎಂದು
ಅದು ಕೇಳುವುದಿಲ್ಲ. ಅಳೆಯುವುದಷ್ಟೇ ಅದರ ಕೆಲಸ.
ನನ್ನದೂ.

ಹನ್ನೊಂದು ವರ್ಷದಿಂದ ಇದೇ ಮಾತು:
ಎಳೆದುಕೊಳ್ಳಿ. ಈಗ ಊದಿ.
ಊದಿ ಊದಿ ಊದಿ, ನಿಲ್ಲಿಸಬೇಡಿ, ಇನ್ನೂ, ಇನ್ನೂ.
ಮನೆಯಲ್ಲಿ ಬಾಯಿತಪ್ಪಿ
ಹಾಲು ಕುಡಿಯುವ ಮಗಳಿಗೂ ಹೀಗೇ ಅಂದಿದ್ದೇನೆ.

ಚೆನ್ನಾಗಿರುವ ಉಸಿರು ಪರದೆಯ ಮೇಲೆ
ಕಡಿದಾಗಿ ಏರಿ ನೆಟ್ಟಗೆ ಇಳಿಯುವ ಗುಡ್ಡ.
ಈಚೆಗೆ ಮೂಡುವ ಗುಡ್ಡಗಳು ಬೇರೆ:
ಮಿಟ್ಟಗಾನಹಳ್ಳಿಯ ಕಡೆ ಜಲ್ಲಿಗೆಂದು
ಒಂದು ಮಗ್ಗುಲು ಅಗೆದುಬಿಟ್ಟ ಬಂಡೆಯ ಹಾಗೆ
ಇಳಿಜಾರೇ ಇಲ್ಲ, ಹೊಂಡ.

ಬೋರಲಿಂಗಯ್ಯ, ಟ್ರಾಫಿಕ್ ಹೆಡ್ ಕಾನ್‌ಸ್ಟೇಬಲ್.
ಫಾರಂ ತುಂಬುತ್ತಾ ಕೇಳಿದೆ, ದಿನಕ್ಕೆ ಎಷ್ಟು ಸಿಗರೇಟು?
‘ಒಂದೂ ಇಲ್ಲ ಮೇಡಂ.’
ಬೀಡಿ?
‘ಮುಟ್ಟಿಲ್ಲ.’
ಹಾಗಾದರೆ ಇದು?
ತೊಡೆಯ ಮೇಲಿನ ಟೋಪಿ ತಿರುಗಿಸುತ್ತಾ ಅಂದರು,
‘ಸಿಲ್ಕ್ ಬೋರ್ಡ್. ಆರು ವರ್ಷ. ಹಾಗಂತಲೇ ಬರ್ಕೊಳ್ಳಿ.’
ತಂಬಾಕಿಗೆ ಕಾಲಂ ಇದೆ, ಸೌದೆ ಒಲೆಗೂ ಇದೆ,
ಸರ್ಕಲ್ಲಿಗೆ ಇಲ್ಲ.
‘ಇತರೆ’ ಎಂಬ ಅರ್ಧ ಇಂಚಿನಲ್ಲಿ
ಅಷ್ಟೂ ಬಸ್ಸು, ಲಾರಿ, ಟ್ಯಾಂಕರು, ಆರು ವರ್ಷ ತುರುಕಿದೆ.
ಸೀಟಿ ಈಗ ಜೇಬಿನಲ್ಲೇ ಇರುತ್ತದಂತೆ.
‘ಕೈ ಬೀಸ್ತೀನಿ. ಕೈಗೆ ದಮ್ಮು ಬೇಡ ನೋಡಿ.’
ನಕ್ಕರು.
ಕೆಮ್ಮು ನಗುವನ್ನು ಓವರ್‌ಟೇಕ್ ಮಾಡಿತು.

ಮುನಿಲಕ್ಷ್ಮಮ್ಮ ನಸುಕಿನ ಪಾಳಿಯವರು,
ಮೈಸೂರು ರಸ್ತೆ ಫ್ಲೈಓವರ್‌ನ ಅಂಚಿನ ಮಣ್ಣು
ಇವತ್ತು ಗುಡಿಸಿದ್ದು ನಾಳೆ ಮತ್ತೆ ಅಲ್ಲೇ.
ರಾತ್ರಿ ಎದೆಯ ಮೇಲೆ ಯಾರೋ ಕೂತಂತಾದಾಗ
ಅತ್ತೆ ‘ಗಾಳಿ ಮೆಟ್ಟಿದೆ’ ಎಂದು ಅಂತ್ರ ಕಟ್ಟಿಸಿದರು.
ದರ್ಗಾದಲ್ಲಿ ನವಿಲುಗರಿ ಬೀಸಿಸಿದರು.
ಕೊನೆಗೆ ಡಾಕ್ಟರು ಚೀಟಿ ಬರೆಯುತ್ತಾ ಹೇಳಿದ್ದೂ ಅದೇ:
‘ಗಾಳಿ, ಅಮ್ಮ.’
ಇಬ್ಬರೂ ಸುಳ್ಳು ಹೇಳಿಲ್ಲ.
ಈಗ ಅಂತ್ರವೂ ಪಂಪೂ ಒಂದೇ ಪರ್ಸಿನಲ್ಲಿ.
ಮೇಸ್ತ್ರಿಗೆ ತಿಳಿಸಿದಿರಾ, ಎಂದೆ.
‘ಉಸಿರೆತ್ತಬೇಡ ಅಂದ.’
ಊದಿದರು. ಒಂದು ಲೀಟರು, ಮೇಲೊಂದು ಚೂರು.
ಮೆಟ್ಟಿಲಿಗೆ, ಪೊರಕೆಗೆ, ಮೊಮ್ಮಗಳನ್ನು ಗದರುವುದಕ್ಕೆ
ಎಲ್ಲಕ್ಕೂ ಅಷ್ಟರಲ್ಲೇ ಪಾಲು.

ಮಕ್ಕಳಿಗೆಂದು ಪರದೆಯಲ್ಲಿ ಮೇಣದಬತ್ತಿಗಳಿವೆ, ಎಂಟು.
ದೊಡ್ಡಬಿದರಕಲ್ಲಿನ ಮೋಹಿತ್, ಏಳು ವರ್ಷ,
ಮನೆಯ ಹಿಂದಿನ ಖಾಲಿ ಸೈಟಿನಲ್ಲಿ
ದಿನಾ ಸಂಜೆ ಪ್ಲಾಸ್ಟಿಕ್ಕು ಸುಡುತ್ತಾರಂತೆ.
ಮೂಗಿಗೆ ಕ್ಲಿಪ್ಪು ಹಾಕಿದ್ದಕ್ಕೆ ಮೊದಲು ನಕ್ಕ.
ಆಮೇಲೆ ಕೆನ್ನೆ ಕೆಂಪಾಗುವಂತೆ ಊದಿದ.
ಐದು ಆರಿದವು.
ಇನ್ನೊಮ್ಮೆ, ಎಂದೆ. ನಾಲ್ಕು.
ಮತ್ತೊಮ್ಮೆ ಎನ್ನುವಷ್ಟರಲ್ಲಿ ಕೊಳವೆ ಕೆಳಗಿಟ್ಟು
ನನಗೇ ಬುದ್ಧಿ ಹೇಳಿದ:
‘ದೀಪ ಊದಿ ಆರಿಸಬಾರದು ಅಂತ ಅಜ್ಜಿ ಹೇಳವ್ಳೆ.’
ವರದಿಯಲ್ಲಿ ಬರೆದೆ: ಸಹಕಾರ ಸಾಲದು.
ಬರೆದದ್ದನ್ನು ಹೊಡೆದು ಹಾಕಿದೆ.
ಉರಿಯುತ್ತಿದ್ದ ನಾಲ್ಕು ಬತ್ತಿಗಳ ಮುಂದೆ
ಸ್ವಲ್ಪ ಹೊತ್ತು ಇಬ್ಬರೂ ಕೂತಿದ್ದೆವು.

ಸಂಜೆ ಬಸ್ಸು ಗೊರಗುಂಟೆಪಾಳ್ಯದಲ್ಲಿ ನಿಲ್ಲುತ್ತದೆ.
ಕೆಂಪು ದೀಪ, ನೂರಿಪ್ಪತ್ತು ಸೆಕೆಂಡು.
ಮುಂದಿನ ಲಾರಿಯ ಹೊಗೆಕೊಳವೆ ನಮ್ಮ ಕಡೆಗೇ.
ಅಭ್ಯಾಸಬಲ, ಎಣಿಸುತ್ತೇನೆ:
ಅರ್ಧ ಲೀಟರಿನಂತೆ ಆರು ಉಸಿರು,
ಮೂರು ಲೀಟರು. ದೀಪ ಇನ್ನೂ ಕೆಂಪು.
ಮತ್ತೆ ಮೂರು.
ಪಕ್ಕದವರು ‘ಕಿಟಕಿ ಹಾಕ್ರೀ’ ಎಂದರು.
ಎಳೆದೆ. ಚೌಕಟ್ಟು ಸರಾಗ ಸರಿದು ಬಂತು.
ಗಾಜು ಇರಲಿಲ್ಲ.