ಖಾಲಿ ಟಾಕಿ

ಆಗ ನನಗೆ ಒಂಬತ್ತು. ಮೈ ಸಣ್ಣದು,
ಅದಕ್ಕೇ ಕೆಲಸ ಸಿಕ್ಕಿತ್ತು:
ಟಾಕಿಯ ಬಾಯೊಳಗೆ ಇಳಿಯಬಲ್ಲವಳು
ಜೋರಾಪುರ ಪೇಟೆಯ ಆ ಓಣಿಯಲ್ಲಿ ನಾನೊಬ್ಬಳೇ.
ಒಳಗಿನಿಂದ ನಾನು ಕಬ್ಬಿಣದ ಗುಂಡು ಒತ್ತಿ ಹಿಡಿದರೆ
ಹೊರಗಿನಿಂದ ಅಬ್ಬಾ ರಿವೆಟ್ಟು ಬಡಿಯುತ್ತಿದ್ದ.
ಪೆಟ್ಟಿಗೊಮ್ಮೆ ಲೋಕ ಒಡೆದು
ಮತ್ತೆ ಕೂಡಿಕೊಳ್ಳುತ್ತಿತ್ತು.
ಸದ್ದು ಹಲ್ಲಿನ ಬೇರಿನವರೆಗೆ.
ತಲೆಯ ಮೇಲೆ ತಟ್ಟೆಯಷ್ಟು ಆಕಾಶ.

"ಅದೀಯೇನು ಒಳಗ?"
"ಅದೀನಿ."
ಹತ್ತು ರಿವೆಟ್ಟಿಗೊಮ್ಮೆ ಕೇಳುತ್ತಿದ್ದ.
ಮನೆಯಲ್ಲಿ ನಮ್ಮದು ಉರ್ದು; ಟಾಕಿಗೆ ಮಾತ್ರ ಕನ್ನಡ,
ಗಿರಾಕಿ ಎದುರಿಗೇ ಕೂತಿರುತ್ತಿದ್ದನಲ್ಲ.

ಪೊಲೀಸ್ ವಾಯರ್‌ಲೆಸ್ಸಿನ ಗುರುಪಾದಪ್ಪ ಹಂಜಗಿ
ಬಕೀಟಿಗೆ ತಳ ಹಾಕಿಸಲು ಬಂದವನು ಹೇಳಿದ:
ಅಮೆರಿಕದ ದಂಡಿನವರು ಟಾಕಿ ಹಾರಿಸ್ಯಾರ, ಲಾಡ್ಲೇಸಾಬ.
ರಾಕೆಟ್ಟಿನ ಎಣ್ಣೆ ಟಾಕಿನ ಮ್ಯಾಲಿಟ್ಟು
ಮನಿ ಅಂತ ಹೆಸರು ಕೊಟ್ಟಾರ.
ಮುಂದ ಅದರಾಗ ಸಿಪಾಯಿಗೋಳು ಇರ್ತಾರಂತ,
ಕೆಳಗಿನವರ ಹಿತ್ತಲಾ ನೋಡಿಕೋತ.
ಈಗ ಯಾರೂ ಇಲ್ಲ. ಬರೇ ಪರೀಕ್ಷಾ.

ಹಿತ್ತಲಿನ ಮಾತು ಅಬ್ಬಾನಿಗೆ ಹಿಡಿಸಲಿಲ್ಲ.
"ಪರೀಕ್ಷಾ ಅಂದ್ರ ಹ್ಯಾಂಗ?
ನಾವು ನೀರು ತುಂಬಿ ಒಂದು ರಾತ್ರಿ ಬಿಡ್ತೀವಿ.
ಮುಂಜಾನೆ ನೆಲ ಒಣಗಿದ್ರ ಪಾಸು."

ಗುರುಪಾದಪ್ಪನಿಗೆ ಗೊತ್ತಿದ್ದದ್ದು ಇನ್ನೊಂದೇ:
ಬೆಂಕಿ ತಡೆಯುವ ತಟ್ಟೆಗೇ ಬಾಗಿಲು ಕೊರೆದು, ಮುಚ್ಚಿ,
ಬೆಂಕಿಯೊಳಗಿಂದ ಸಮುದ್ರಕ್ಕೆ ಇಳಿಸಿ ನೋಡಿದ್ದರಂತೆ.
ಬಾಗಿಲು ತಡೆದಿತ್ತು.

ಅಬ್ಬಾ ಸುತ್ತಿಗೆ ಕೆಳಗಿಟ್ಟ.
"ತಳಕ್ಕ ತೂತು ಹೊಡದು ಮತ್ತ ಮುಚ್ಚಿದನಂದ್ರ
ಅವನ ಕೈಯಾಗ ಕಸಬು ಐತಿ ಬಿಡು."
ಅವನು ಇನ್ನೊಬ್ಬನ ಕೆಲಸ ಹೊಗಳಿದ್ದು
ನಾನು ಕೇಳಿದ್ದು ಅದೊಂದೇ ಸಲ.

ಸಂಜೆ ಉಪಲಿ ಬುರುಜು ಹತ್ತಿದೆವು.
ಸುತ್ತಿ ಸುತ್ತಿ ಏರುವ ಮೆಟ್ಟಿಲು. ಮೇಲೆ
ಮಲಗಿಯೇ ಇರುವ ಎರಡು ಉದ್ದ ತೋಪು.
ವೈರಿ ಬರುವುದನ್ನು ದೂರದಿಂದ ನೋಡಲೆಂದೇ
ಕಟ್ಟಿದ ಬುರುಜು ಅದು;
ತೋಪಿನ ಬಾಯಲ್ಲಿ ಯಾರೋ ತುರುಕಿದ ಶೇಂಗಾ ಸಿಪ್ಪೆ.

ತೊರವಿಯ ಕಡೆಯಿಂದ ಎದ್ದಿತು.
ಮಿನುಗಲಿಲ್ಲ. ಅವಸರವೂ ಇರಲಿಲ್ಲ.
ಅದೇ ಹೌದೋ, ಬೇರೇನೋ,
ಇಂದಿಗೂ ಆಣೆ ಮಾಡಲಾರೆ.
ನಾನು ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ,
"ಅದೀರೇನು ಒಳಗ?"

ಗುರುಪಾದಪ್ಪ ಬಿದ್ದು ಬಿದ್ದು ನಕ್ಕ.
ಅಬ್ಬಾ ನಗಲಿಲ್ಲ. ಉತ್ತರ ಬರಲು
ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು
ಮುಖ ಎತ್ತಿಕೊಂಡೇ ನಿಂತಿದ್ದ.

ಸಂಕ್ರಾಂತಿಗೆ ಮೊದಲೇ ಅದು ಉರಿದು ಬಿತ್ತೆಂದು
ತಿಳಿದದ್ದು ಬಹಳ ವರ್ಷದ ಮೇಲೆ.
ಮನೆ ಕಟ್ಟಿಸುವವರು ಖರ್ಚು ನೋಡಿ
ಕೈಬಿಟ್ಟರಂತೆ. ಹಾರಿದ್ದು ಒಂದೇ ಸಲ, ಅದೂ ಖಾಲಿ.
ಆ ಬಾಗಿಲಲ್ಲಿ ಯಾರೂ ಹಾಯಲಿಲ್ಲ;
ಅಷ್ಟು ಚಂದ ಮುಚ್ಚಿದ ಬಾಗಿಲು.
ಇರಲೆಂದು ಆರಿಸಿದ್ದ ಹುಡುಗರು ನೆನಪಾಗುತ್ತಾರೆ,
ಹೆಸರೂ ಗೊತ್ತಿಲ್ಲದವರು,
ಟಾಕಿಯೊಳಗಿನ ಕಿವಿ ಹೇಗಿರುತ್ತದೆಂದು
ಅವರಿಗೆ ಹೇಳಬೇಕಿತ್ತು ಅನ್ನಿಸುತ್ತದೆ.

ನಾವು ಬಡಿದದ್ದು ಒಂದು ಇನ್ನೂ ಇದೆ,
ಗಾಣದವರ ಮಾಳಿಗೆ ಮೇಲೆ, ಕಪ್ಪು ಪ್ಲಾಸ್ಟಿಕ್ಕಿನ ಪಕ್ಕ.
ಹೋದ ವಾರ ಹತ್ತಿ ಹೋಗಿದ್ದೆ, ಮೊಣಕಾಲು ಬೈದುಕೊಳ್ಳುತ್ತ.
ಅದರ ಬಾಯಿ ಈಗ ನನಗೆ ಹಿಡಿಸುವುದಿಲ್ಲ.
ತುಕ್ಕಿನ ಮೇಲೆ ಬೆರಳಿಟ್ಟು ರಿವೆಟ್ಟು ಎಣಿಸಿದೆ.
ಹತ್ತಕ್ಕೆ ನಿಂತೆ.