ಒಂದು ಫ್ರಾಂಕ್ ಬಾಕಿ

ಡ್ರಾಯರು ಎಳೆದರೆ ಮೊದಲು ಬರುವುದು ವಾಸನೆ:
ಅಗಸೆ ಎಣ್ಣೆ, ಹಳೇ ಕಬ್ಬಿಣ, ಎಲ್ಲೋ ಒಂದು ಎಳೆ ಈರುಳ್ಳಿ.
ಆಮೇಲೆ ಅವು. ಮಡಚಿಕೊಂಡು ಮಲಗಿದ ನಲವತ್ತೊಂದು ಚಾಕು.
ಬಾಯಿ ಮುಚ್ಚಿದ ಮೀನಿನ ಹಾಗೆ, ಎನ್ನುತ್ತಾಳೆ ತಂಗಿ ಎಲೋದಿ.
ಅವಳಿಗೆ ಮೀನೂ ಸೇರದು, ನನ್ನ ಚಾಕುಗಳೂ.

ಇಪ್ಪತ್ತೆಂಟು ವರ್ಷ ಈ ಬೆಟ್ಟದ ಹಳ್ಳಿಗಳಿಗೆ ಟಪಾಲು ಹಂಚಿದವಳು ನಾನು.
ಕೆಳಗೆ ತ್ಯೇರ್ ಪಟ್ಟಣ, ಪಕ್ಕೆ ಸೀಳಿಕೊಂಡು ಇಳಿಯುವ ದ್ಯುರೋಲ್ ಹೊಳೆ.
ಆ ನೀರಿಗೆ ಚಕ್ರ ತಿರುಗುತ್ತಿದ್ದ ಕಾಲದಲ್ಲಿ
ನನ್ನ ಮುತ್ತಜ್ಜ ಹಲಗೆಯ ಮೇಲೆ ಬೋರಲು ಮಲಗಿ
ಸಾಣೆಕಲ್ಲಿಗೆ ಅಲಗು ಒತ್ತುತ್ತಿದ್ದನಂತೆ,
ಚಳಿಗೆ ಕಾಲ ಮೇಲೆ ನಾಯಿ ಮಲಗಿಸಿಕೊಂಡು.
ಅವನ ಹೆಸರು ಮರೆತಿದ್ದೇವೆ. ನಾಯಿಯದು ಗೊತ್ತು: ಫಿನೆತ್.

ನಮ್ಮಲ್ಲಿ ಚಾಕು ಯಾರೂ ಪುಕ್ಕಟೆ ಕೊಡುವುದಿಲ್ಲ.
ಕೊಟ್ಟರೆ ಸ್ನೇಹ ಕೊಯ್ದು ಹೋಗುತ್ತದೆ.
ಸವಕಲಾದರೂ ಸರಿ, ಒಂದು ನಾಣ್ಯ ಕೈಗಿಡಬೇಕು.
ಹಾಗೆ ಬಂದವು ಇವೆಲ್ಲ.
ಆಲಿವ್ ಹಿಡಿಯದು, ಜೇನು ಕಲಸಿ ಬಿಟ್ಟಂಥ ಗೆರೆ,
ವಿಧವೆ ಪೇರೋಲ್ ಪಿಂಚಣಿಯ ಲಕೋಟೆ ಒಡೆದ ಮೇಲೆ ಕೊಟ್ಟದ್ದು.
ಜುನಿಪರ್ ಹಿಡಿ, ಉಜ್ಜಿದರೆ ಇವತ್ತಿಗೂ ಮೆಣಸಿನ ಘಮ.
ಅಕ್ರೋಟ್ ಮರದ್ದು ಯಾರೋ ಎಡಚನದು. ಹೇಗೆ ಗೊತ್ತೆನ್ನುತ್ತೀರಾ?
ಸವೆದ ಕಡೆ ನನ್ನ ಹೆಬ್ಬೆರಳು ಕೂರುವುದೇ ಇಲ್ಲ,
ಬೇರೆಯವರ ಚಪ್ಪಲಿ ಮೆಟ್ಟಿದ ಹಾಗೆ.

ಹಳೇ ಸಾಮಾನಿನ ಸಂತೆಯಲ್ಲಿ ಭೂತಗನ್ನಡಿ ಹಿಡಿದವರು ಕೇಳುತ್ತಾರೆ,
ಬಳಸದೇ ಇರುವುದು ಇದೆಯೇ, ಡಬ್ಬಿ ಸಮೇತ?
ಇಲ್ಲ ಮಾರಾಯರೇ,
ನನ್ನ ಹತ್ತಿರ ಇರುವವೆಲ್ಲ ಉಂಡು ಎದ್ದವು.

ಒಂದನ್ನು ಬಿಟ್ಟು.

ಅದು ಫಿರ್ಮಿನ್ ಶಸೇಂಗ್‌ನದು. ಬಾಕ್ಸ್‌ವುಡ್ ಹಿಡಿ, ಹಳೇ ಬೆಣ್ಣೆಯ ಬಣ್ಣ,
ತುದಿಯಲ್ಲಿ ಗಂಟಿನ ಒಂದು ಕಪ್ಪು ಕಣ್ಣು.
ವರ್ಷಕ್ಕೆ ಕೂದಲೆಳೆಯಷ್ಟು ದಪ್ಪವಾಗುವ ಮರ,
ಬೇಲಿಯಿಂದ ಕಡಿದು, ಅಟ್ಟದಲ್ಲಿ ಹನ್ನೆರಡು ವರ್ಷ ಒಣಗಿಸಿ
ತಾನೇ ಕೂತು ಕೆತ್ತಿದ್ದು.
ಮಾರ್ಚಿನ ಹಿಮದಲ್ಲಿ ಗೇಟಿನ ಬಳಿ ನಿಂತು ನೀಡಿದ.
ಚೀಲ ತಡಕಿದೆ, ಜೇಬು ತಡಕಿದೆ, ಒಂದು ಸಾಂತೀಮೂ ಇಲ್ಲ.
ನಾಳೆ ಕೊಡ್ತೀನಿ, ಒಂದು ಫ್ರಾಂಕ್, ಅಂದೆ. ನಕ್ಕ.
ಮುಂದಿನ ವಾರ ಕಚೇರಿಯ ನಕ್ಷೆಯಲ್ಲಿ ಯಾರೋ ಗೆರೆ ಎಳೆದರು,
ಅವನ ಮನೆ ಗೆರೆಯ ಆಚೆ ಬಿತ್ತು.
ಹೋಗಬಹುದಿತ್ತು. ಸೈಕಲ್ಲಿಗೆ ಅರ್ಧ ಗಂಟೆ.
ಎರಡು ಬೇಸಿಗೆ ಕಳೆದು ಅವನ ಕಾಗದಗಳು
ಅಡ್ಡಗೆರೆ ಎಳೆಸಿಕೊಂಡು ವಾಪಸು ಬರತೊಡಗಿದವು.

ಅಂಥ ಹಿಡಿ ಕೊಳೆಯಾಗಬಾರದೆಂದು ಬಟ್ಟೆ ಸುತ್ತಿ ಇಟ್ಟಿದ್ದೆ.
ಬಟ್ಟೆ ಒದ್ದೆಯಿತ್ತೋ ಏನೋ.
ಕಳೆದ ವಾರ ಉಗುರು ಕೊಟ್ಟು ಎಬ್ಬಿಸಿದರೆ ಅಲಗು ಏಳಲಿಲ್ಲ.

ಇಳಿಜಾರು ಬೀದಿಯ ಅನ್ಸೆಲ್ಮ್ ಅದನ್ನು ಕಿವಿಯ ಬಳಿ ಅಲ್ಲಾಡಿಸಿದ,
ಮೊಟ್ಟೆ ಕೆಟ್ಟಿದೆಯೇ ನೋಡುವವನಂತೆ.
ಒಳಗೆ ಸ್ಪ್ರಿಂಗು ತುಕ್ಕು ಉಬ್ಬಿ ಕಚ್ಚಿಕೊಂಡಿದೆ ಮದಾಮ್.
ಬಿಚ್ಚಬಲ್ಲೆ, ಆದರೆ ಮರ ಸೀಳುತ್ತದೆ.
ಯಾವುದು ಬೇಕು ಹೇಳಿ, ಅಲಗೋ, ಹಿಡಿಯೋ?

ಹಿಡಿಯನ್ನು ನಾನು ನೋಡಿದೆ. ಗಂಟಿನ ಕಣ್ಣು ನನ್ನನ್ನು.
ಹೀಗೇ ಇರಲಿ ಬಿಡು.
ಎಷ್ಟಾಯಿತು?
ಏನೂ ಮಾಡಲಿಲ್ಲವಲ್ಲ, ಅಂದ.

ಗುಂಡಿಗಳ ಡಬ್ಬಿಯಲ್ಲಿ ಫ್ರಾಂಕ್ ಇನ್ನೂ ಒಂದಿದೆ,
ಯಾವ ಅಂಗಡಿಯೂ ಈಗ ತೆಗೆದುಕೊಳ್ಳದ್ದು.
ಅದರ ಅಂಚನ್ನು ಅಲಗಿನ ಉಗುರುಗುಳಿಗೆ ಇಟ್ಟು ನೋಡಿದೆ.
ಸರಿಯಾಗಿ ಕೂತಿತು.
ಮೀಟಲಿಲ್ಲ.

ಆಮೇಲೆ ಹಸಿವಾಯಿತು.
ಏಪ್ರನ್ನಿನ ಜೇಬಿನಿಂದ ಬೀಚ್ ಮರದ ಅಗ್ಗದ ಚಾಕು ತೆಗೆದು
ಪೇರ್ ಹಣ್ಣಿನ ಕೊಳೆತ ಭಾಗ ಕೆತ್ತಿ ಬಿಸಾಡಿ,
ಉಳಿದರ್ಧವನ್ನು ಅಲಗಿನ ತುದಿಯಿಂದಲೇ ತಿಂದೆ.